ಹವಾ

ಮುಳಗುಂದ ನಾಕಾದಾಗ ನಮ್ಮ ಟೈರಿನ ಅಂಗಡಿ.
ಆ ವರ್ಷ ಟ್ರ್ಯಾಕ್ಟರಿನ ದೊಡ್ಡ ಟೈರು ನೂರಾ ನಲವತ್ತು ಹೋದವು,
ಕಂಪನಿಯವರು ಗಂಡ-ಹೆಂಡತಿಗೆ ಆಫ್ರಿಕಾ ಅಂದರು.
ಬಸಲಿಂಗವ್ವ ಖಡಕ್ ರೊಟ್ಟಿ ಕಟ್ಟಿದಳು, ಎರಡು ಡಜನ್,
ಶೇಂಗಾ ಹಿಂಡಿ ಬ್ಯಾರೆ ಡಬ್ಬಿಯಾಗ.
ಸಿಂಹಕ್ಕ ರೊಟ್ಟಿ ಸೇರತೈತೇನು, ಕೇಳಿದ ದಾವಲಸಾಬ,
ಪಂಕ್ಚರಿನ ತೊಟ್ಟಿಯಿಂದ ತಲಿ ಎತ್ತದ.

ಅಲ್ಲಿ ಮೊದಲು ಕಂಡಿದ್ದು ಹುಲ್ಲು.
ಹೊಂಬಳದ ಆಚೆ ಕಡಲಿ ಕಿತ್ತ ಮ್ಯಾಲ ಹೊಲ ಬಯಲಾಗತೈತಲ್ಲ,
ಹಂಗ. ಆದರ ಬದು ಇಲ್ಲ,
ಇದು ಯಾರ ಪಟ್ಟಿ ಅಂತ ಕೇಳೂವಂಗಿಲ್ಲ.
ಜಾಲಿಯ ನೆತ್ತಿ ಮೇಯುತ್ತ ಒಂದು ಜಿರಾಫು
ಕಂಬ ಹತ್ತಿದ ಲೈನ್‌ಮನ್‌ನಂಗ
ನಮ್ಮ ಕಡೆ ನೋಡಿ, ಕೆಲಸಕ್ಕ ಹತ್ತಿತು.

ಮೂರನೇ ದಿನ ಮಳಿ. ಅರ್ಧ ತಾಸು, ಅಷ್ಟ.
ಜೀಪು ಗಕ್ಕನೆ ಕೂತಿತು.
ಬಗ್ಗಿ ನೋಡಿದೆ: ಎರಿ.
ನಮ್ಮದೇ ಎರಿ, ಕರ್ರಗ, ಬೆಣ್ಣಿಯಂಗ,
ಗಾಲಿಯ ಹಲ್ಲಿನ ಸಂದಿಯೆಲ್ಲ ತುಂಬಿ ನುಣ್ಣಗ ಮಾಡಿಟ್ಟಿತ್ತು.
ಬ್ಲ್ಯಾಕ್ ಕಾಟನ್, ಅಂದ ಡ್ರೈವರ್ ಕಿಪ್ಟೂ, ಬೈಗುಳದ ಧಾಟಿಯಾಗ.
ನಮ್ಮಪ್ಪನದೂ ಅದೇ ಧಾಟಿ:
ಎರಿ ಹಿಡದರ ಎತ್ತು ಬಿಟ್ಟೀತು, ಚಪ್ಪಲಿ ಬಿಡೂದಿಲ್ಲ.

ಹವಾ ಇಳಸು, ಅಂದೆ. ಬಾಯಾಗ ಮಾಡಿ ತೋರಿಸಿದೆ: ಶ್ಶ್‌ಶ್.
ಅವ ನಕ್ಕ. ವಾಲ್ವ್ ಒತ್ತೂ ಕಡ್ಡಿ ಆಗಲೇ
ಅವನ ಹಲ್ಲಿನ ಸಂದಿಯಿಂದ ಕೈಗೆ ಬಂದಿತ್ತು.
ಇಳಿಯೂ ಮೊದಲು ಬೆರಳು ಚಾಚಿದ.
ಅರವತ್ತು ಮಾರು ದೂರ ಹೆಣ್ಣು ಸಿಂಹ,
ಮಳಿಗೆ ತೊಯ್ದು, ಹುಲ್ಲಿನ ಬಣ್ಣದ್ದೇ.
ನೀ ಅದನ್ನ ನೋಡತಿರು. ಎದ್ದರ ಹೇಳು.
ಅಷ್ಟು ಇಂಗ್ಲಿಷು ನನಗೂ ತಿಳೀತೈತಿ.

ನೋಡಿದೆ. ಹತ್ತು ಉಸಿರು ನೋಡಿರಬೇಕು.
ಆಮ್ಯಾಲ ಶುರುವಾತು ಆ ಸದ್ದು.
ಮೂವತ್ತೊಂದು ವರ್ಷ ಅದರ ಮ್ಯಾಲ ಮನಿ ನಡಿಸಿದವ ನಾನು,
ಎಷ್ಟು ಹೋತು, ಎಷ್ಟು ಉಳೀತು, ಕಿವಿಯಾಗ ಹೇಳತೀನಿ.
ಹದಿನೆಂಟು. ಹದಿನಾರು. ಸಾಕು ಸಾಕು
ಅನಕೋತ ಕಿಟಕಿಯಿಂದ ಗಾಲಿಯನ್ನೇ ನೋಡಾಕತ್ತಿದ್ದೆ,
ಟೈರು ಹೊಟ್ಟಿ ಬಿಟ್ಟು ಮಣ್ಣಿನ ಮ್ಯಾಲ ಅಗಲಾಗೂದನ್ನ.

ಎದ್ದೈತಿ!
ಬಸಲಿಂಗವ್ವನ ಕೂಗು. ಅಚ್ಚ ಕನ್ನಡ.
ಕಿಪ್ಟೂಗ ಹೆಂಗ ತಿಳೀತೋ,
ಒಳಗ ಬಿದ್ದ, ಬಾಗಿಲು ಎಳಕೊಂಡ.
ಅವನ ಒಂದು ಬೂಟು ಎರಿಯೊಳಗೇ ನಿಂತಿತ್ತು,
ಬಾಯಿ ತೆರಕೊಂಡು.

ಸಿಂಹ ಬಂತು. ಅವಸರ ಇಲ್ಲ.
ಬೂಟು ಮೂಸಿತು.
ಅದರ ಪಾದಕ್ಕೂ ಎರಿ ಮೆತ್ತಿತ್ತು, ಗಡ್ಡೆಗಡ್ಡೆ,
ಹೆಜ್ಜಿಗೊಮ್ಮೆ ಕಾಲು ಝಾಡಿಸಿಕೋತ ಹೋತು
ಕಳೇವು ಮುಗಿಸಿ ಮನಿಗೆ ಹೊಂಟ ಹೆಂಗಸಿನಂಗ.

ಕಿಪ್ಟೂ ನನಗ ಏನೂ ಅನಲಿಲ್ಲ.
ಗಾಲಿ ಸಲೀಸಾಗಿ ಎದ್ದು ಬಂತು, ಬೂಟು ಎತ್ತಿಕೊಂಡ,
ಕನ್ನಡಿಯಾಗ ಬಸಲಿಂಗವ್ವನ್ನ ನೋಡಿ ಎದಿ ಮುಟ್ಟಿಕೊಂಡ.
ಅಕಿ ಅರ್ಧ ರೊಟ್ಟಿ ಮುರದು ಕೊಟ್ಟಳು.

ಗದಗಕ್ಕ ಬಂದ ಮ್ಯಾಲ ನಾಲ್ಕು ತಿಂಗಳು
ನಾಕಾದಾಗ ನಂದೇ ಹವಾ.
ಬೂಟಿನ ಮಾತಿಗೆ ಎಲ್ಲಾರೂ ನಗತಾರ.
ನಾ ಹೇಳೂ ಕಥಿಯಾಗ ಕೂಗಿದವ ನಾನೇ.
ಅಕಿ ಒಳಗ ಪಾವತಿ ಹರೀತಿರತಾಳ,
ಒಮ್ಮೆನೂ ತಿದ್ದಿಲ್ಲ.

ಇವತ್ತು ಲಾರಿ ಕೆಳಗ ದಾವಲಸಾಬ ಮಲಗಿದ್ದ,
ಜಾಕ್ ಹತ್ತಿರ ನಾನು, ಕೈಯಾಗ ಫೋನು.
ಈ ಕಡೆ ನೋಡ್ರಿ, ಅಂದಳು.
ಜಾಕ್ ಗಟ್ಟಿ ಇತ್ತು.
ಆದರೂ ಅವನ ಕಾಲು, ಸೊಂಟ, ಆಮ್ಯಾಲ ತಲಿ
ಹೊರಗ ಬರೂತನಕ ಕಣ್ಣು ತೆಗೀಲಿಲ್ಲ.