ಖಾಲಿ ತೂತುಗಳು

ಹದಿನೈದು ಲಕ್ಷ ತುಗ್ರಿಗ್.
ಕೇಳಲು ದೊಡ್ಡದು; ಉಲಾನ್‌ಬಾತರಿನಲ್ಲಿ
ಎಣಿಸಿ ಮುಗಿಸುವಷ್ಟರಲ್ಲಿ ಸಣ್ಣದಾಗುತ್ತದೆ.
ಎರಡು ಚಳಿಗಾಲ ಕಾರು ತೊಳೆದ ಹಣ,
ತೊಳೆದ ನೀರು ಹೊಸ್ತಿಲಲ್ಲೇ ಹೆಪ್ಪುಗಟ್ಟುವ ಊರಿನಲ್ಲಿ.

ಸೊಲೊಂಗೊ ಎಂದರೆ ಕಾಮನಬಿಲ್ಲು. ಆದರೂ
ಬಣ್ಣದ ದೀಪದ ಫ್ಯಾನು ಕೇಳಿದ್ದಕ್ಕೆ
ನೆಲಮಾಳಿಗೆಯ ಆ ಅಂಗಡಿಯಲ್ಲಿ ನನ್ನ ಪಟ್ಟಿ ಕಸಿದು
ಪೆನ್ಸಿಲಿನಿಂದ ಒಂದು ಗೆರೆ ಎಳೆದಳು:
"ದೀಪಕ್ಕೆ ಕೊಟ್ಟ ದುಡ್ಡು ಆಟದಲ್ಲಿ ಓಡುವುದಿಲ್ಲ."

ಇನ್ನೊಂದು ಗೆರೆ. ಹೊಸ ಪ್ರೊಸೆಸರ್ ಹೋಗಿ
ಹಿಂದಿನ ತಲೆಮಾರಿನದು ಬಂತು, ಆರು ಕೋರಿನದು.
ಗ್ರಾಫಿಕ್ಸ್ ಕಾರ್ಡು ಸೆಕೆಂಡ್ ಹ್ಯಾಂಡು,
ಯಾರದೋ ಗ್ಯಾರೇಜಿನಲ್ಲಿ ಹಗಲೂ ರಾತ್ರಿ
ಕಾಣದ ನಾಣ್ಯ ಅಗೆದು ಬಂದದ್ದು.
ಅಪ್ಪನೂ ಗಣಿಯವನೇ; ಕಲ್ಲಿದ್ದಲಿನವನು.
ಅದಕ್ಕೇ ಅದರ ಫ್ಯಾನಿಗೆ ಕಿವಿಯಿಟ್ಟು ಕೇಳಿದೆ.
ಕೆಮ್ಮು ಇರಲಿಲ್ಲ. ತೆಗೆದುಕೊಂಡೆ.

ಎರಡೇ ಎರಡು ಕಡೆ
ಅವಳ ಪೆನ್ಸಿಲು ಉಲ್ಟಾ ನಡೆಯಿತು.
ನಾನೂರೈವತ್ತು ವಾಟ್ ಸಾಕೆಂದು ನಾನು ಬರೆದಲ್ಲಿ
ಆರುನೂರೈವತ್ತು.
ಮೆಮೊರಿಗೆ ಎರಡು ಸಾಲಿನ ಮದರ್‌ಬೋರ್ಡು ಎಂದಲ್ಲಿ
ನಾಲ್ಕು.
"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲವೆ?" ಎಂದೆ.
"ನಿನ್ನ ಕಾಲು ಇನ್ನೂ ಬೆಳೆಯುತ್ತಿದೆ, ಓದ್ಖೂ.
ಹಾಸಿಗೆ ಉದ್ದದ್ದೇ ಕೊಳ್ಳು. ಹೊದಿಕೆ ಆಮೇಲೆ."
ಆ ಉದ್ದಕ್ಕೆ ತೆತ್ತದ್ದು ಡಬ್ಬಿ:
ಮೂಲೆ ನುಗ್ಗಾಗಿ, ಎರಡು ಸ್ಕ್ರೂ ಕಳೆದುಕೊಂಡು,
ಯಾರೂ ಕೇಳದೆ ಕಪಾಟಿನ ಮೇಲೆ ಕೂತಿದ್ದು.

ಹೊರಗೆ ಸೊನ್ನೆಗೆ ಮೂವತ್ತು ಡಿಗ್ರಿ ಕೆಳಗೆ.
ಬಸ್ಸು ಗುಡ್ಡದ ಬುಡದವರೆಗೆ; ಅಲ್ಲಿಂದ ಮೇಲೆ
ಡಬ್ಬಿ ಬೆನ್ನಿಗೆ, ಉಳಿದದ್ದು ಕೋಟಿನೊಳಗೆ,
ಆಗಷ್ಟೇ ಹುಟ್ಟಿದ ಕುರಿಮರಿಯಂತೆ ಎದೆಗವಚಿ ನಡೆದೆ.
ಆದರೂ ಒಲೆಯ ಬಿಸಿ ತಾಕಿದ್ದೇ ತಡ, ಲೋಹ ಬೆವರಿತು.
ಸೊಲೊಂಗೊ ಎಚ್ಚರಿಸಿದ್ದಳು: "ಎರಡು ಗಂಟೆ ಸುಮ್ಮನಿರು.
ಪಸೆ ಆರುವ ಮೊದಲು ಕರೆಂಟು ಕೊಟ್ಟೆಯೋ,
ಎರಡು ಚಳಿಗಾಲ ಒಂದೇ ಚಟಾಕಿಗೆ ಮುಗಿಯಿತು."

ಎರಡು ಗಂಟೆ.
ಅಜ್ಜಿ ತ್ಸೆರೆನ್‌ಪಿಲ್ ಉಪ್ಪಿನ ಚಹಾ ಕೊಟ್ಟಳು,
ಕುದುರೆಯ ಬಾಯಿ ತೆರೆಸಿ ನೋಡುವವಳಂತೆ
ಮದರ್‌ಬೋರ್ಡನ್ನು ದೀಪಕ್ಕೆ ಹಿಡಿದು ನೋಡಿದಳು.
"ನಾಲ್ಕು ಹಲ್ಲಿನ ಜಾಗ, ಇರುವುದು ಒಂದು. ಮೋಸ ಹೋದೆಯೇನೋ?"
"ಇಲ್ಲಜ್ಜಿ. ಈಗ ಒಂದು. ವಸಂತಕ್ಕೆ ಇನ್ನೊಂದು.
ಉಳಿದೆರಡು..."
ಉಳಿದೆರಡು ನನಗೂ ಗೊತ್ತಿರಲಿಲ್ಲ.

ಅವಳು ಮೇಲೆ ನೋಡಿದಳು.
ತೋನೋ. ನಮ್ಮ ಗೇರ್ ಮನೆಯ ನೆತ್ತಿ, ಮರದ ದುಂಡು ಬಳೆ,
ಸುತ್ತಲೂ ತೂತು, ತೂತಿಗೊಂದು ಗಳು.
"ಮದುವೆಯಾದಾಗ ನಮಗಿದ್ದದ್ದು ನಾಲ್ಕೇ ಗೋಡೆ.
ನಿನ್ನಜ್ಜ ಎರಡು ಕುರಿ ಹೆಚ್ಚಿಗೆ ಕೊಟ್ಟು
ಐದು ಗೋಡೆಯ ನೆತ್ತಿ ಹೊತ್ತು ತಂದ.
ತಲೆ ದೊಡ್ಡದು, ಮೈ ಎಲ್ಲಿ ಅಂತ ನಕ್ಕರು ಜನ.
ಖಾಲಿ ತೂತಿಗೆ ಉಣ್ಣೆ ತುರುಕಿ ಮೂರು ಚಳಿಗಾಲ ಕಳೆದೆವು.
ಗಳು ಬಂತು, ಗೋಡೆ ಬಂತು, ನಿಮ್ಮಪ್ಪ ಬಂದ.
ಗೋಡೆಯನ್ನು ಯಾವಾಗ ಬೇಕಾದರೂ ಸೇರಿಸಬಹುದು ಕಣೋ.
ನೆತ್ತಿ ಬದಲಿಸುವುದೆಂದರೆ ಮನೆಯನ್ನೇ ಬಿಚ್ಚಬೇಕು."

ಬೆವರು ಆರಿತು. ಮಂಚದ ಕಬ್ಬಿಣ ಮುಟ್ಟಿ
ಮೈಯೊಳಗಿನ ಕಿಡಿ ಇಳಿಸಿಕೊಂಡು
ಒಂದೊಂದೇ ಕೂರಿಸಿದೆ. ಹಾರ್ಡ್ ಡಿಸ್ಕು ಮಾತ್ರ
ಸತ್ತ ಲ್ಯಾಪ್‌ಟಾಪಿನ ದಾನ.
ಸ್ವಿಚ್ಚು. ಫ್ಯಾನು ತುಸು ಯೋಚಿಸಿ ತಿರುಗಿತು.
ಪರದೆಯಲ್ಲಿ ಯಾವುದೋ ಹಸಿರು ಕಾಡು,
ಸೆಕೆಂಡಿಗೆ ಐವತ್ತೆಂಟು ಸಲ ಹೊಸದಾಗಿ ಹುಟ್ಟುತ್ತ.
ಮರ ದಟ್ಟವಾದಲ್ಲಿ ನಲವತ್ತೊಂದು.
ಇರಲಿ. ವಸಂತಕ್ಕೆ ನೋಡೋಣ.

ಡಬ್ಬಿಯ ಬೆನ್ನಲ್ಲಿ ಬಿಸಿಗಾಳಿ ಬರುವುದನ್ನು
ಅಜ್ಜಿ ನನಗಿಂತ ಮೊದಲೇ ಕಂಡುಹಿಡಿದು
ಮಣಿಕಟ್ಟು ಕಾಯಿಸಿಕೊಂಡಳು.
ನಾನು ಕಾಡಿನೊಳಗೆ ಕಳೆದುಹೋದೆ.
ತಿರುಗಿದರೆ,
ಸ್ಕ್ರೂ ಇಲ್ಲದ ಪಕ್ಕದ ತಗಡು ಸರಿಸಿ
ಒಳಗೆ ಬಗ್ಗಿದ್ದಾಳೆ, ಅಂಗೈಯಲ್ಲಿ
ಹೊಸೆದ ಉಣ್ಣೆಯ ಮೂರು ಪುಟ್ಟ ಉಂಡೆ.

"ಅಜ್ಜೀ!"
"ಚಳಿ ನುಗ್ಗುತ್ತದೋ," ಎಂದಳು.
"ಗಳು ಬರುವ ತನಕ."