ಹನ್ನೊಂದನೇ ಕಾಲಂ

ರೂವಿಯಲ್ಲಿ, ವಾಚ್ ರಿಪೇರಿ ಅಂಗಡಿಯ ಮೇಲಿನ ಮಾಳಿಗೆ.
ತೌಕೀರ್ ಸಾಹೇಬರ ಏಸಿ ಕೆಮ್ಮುತ್ತದೆ.
"ಏನು ಕೆಲಸ ನಿಮ್ಮದು?"
ತಿದ್ದುವುದು.
"ಯಾರನ್ನು?"
ಯಾರನ್ನೂ ಅಲ್ಲ, ವಾಕ್ಯಗಳನ್ನು.

ಕಾರಿಗೆ, ದೋಣಿಗೆ, ಹೃದಯಕ್ಕೆ ವಿಮೆ ಮಾಡಿಸಿದವರು ಅವರು.
ಅಲ್ಪವಿರಾಮಕ್ಕೆ ಇದೇ ಮೊದಲು.
"ಒಂದಕ್ಷರ ತಪ್ಪಿದರೆ ಎಷ್ಟು ನಷ್ಟ ಆದೀತು ಮೇಡಂ,
ಅಂದಾಜು, ರಿಯಾಲಿನಲ್ಲಿ?"

ಹೇಗೆ ಹೇಳಲಿ.
ಈಜುಕೊಳ ತೊಳೆಯುವ ಹುಡುಗರಿಗೆಂದು ಡಬ್ಬಿಯ ಮೇಲೆ
ಕನ್ನಡದಲ್ಲಿ ಅಂಟಿಸಲಿದ್ದ ಚೀಟಿ:
ಆಸಿಡ್ಡಿನ ಜೊತೆ 'ಬೆರೆಸಬಹುದು' ಅಂತಿತ್ತು.
ರಾತ್ರಿ ಎರಡಕ್ಕೆ, ನಿದ್ದೆಗಣ್ಣಲ್ಲೇ,
'ಬಹುದು' ಹೊಡೆದು 'ಬಾರದು' ಬರೆದೆ.
ಯಾರ ಕಣ್ಣೂ ಉರಿಯಲಿಲ್ಲ,
ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ.
ಸಾರಿನ ಉಪ್ಪು ನಾನು; ಕೆಟ್ಟ ದಿನ ಮಾತ್ರ
ನನ್ನ ಹೆಸರೆತ್ತುತ್ತಾರೆ.

ಅದಕ್ಕೇ ಬಂದದ್ದು. ದೋಹಾದ ಹೊಸ ಕರಾರಿನಲ್ಲಿ
ಹದಿನಾಲ್ಕನೇ ಕಲಮು:
ಬಂದ ನಷ್ಟವೆಲ್ಲ ತಿದ್ದಿದವರ ತಲೆಗೆ.
ಈ ತಲೆಯ ಹಿಂದೆ ಇರುವುದು
ಬಾಡಿಗೆಯ ಒಂದು ಕೋಣೆ, ಒಂದು ಲ್ಯಾಪ್‌ಟಾಪ್,
ಅದರಲ್ಲೂ 'ಡ' ಕೀಲಿ ಕಿತ್ತುಹೋಗಿದೆ.

ಕಂತು ವರ್ಷಕ್ಕೆ ತೊಂಬತ್ತು ರಿಯಾಲು.
ನಮ್ಮ ಭಾಷೆಯಲ್ಲಿ ಸಾಹೇಬರೇ, ಎಂದೆ,
ದಂಡದ ಸೊನ್ನೆ ಕಿತ್ತರೆ ದಡ.
ಅವರಿಗೆ ತಿಳಿಯಲಿಲ್ಲ. ನಕ್ಕು ಇನ್ನೊಂದು ಕರಕ್ ತರಿಸಿದರು.

ಹೌದು, ಇಲ್ಲ. ಇಲ್ಲ, ಹೌದು.
ಪೆನ್ನು ಸಲೀಸಾಗಿ ಓಡಿತು ಹನ್ನೊಂದರವರೆಗೆ:
ಗೊತ್ತಿದ್ದೂ ಬಿಟ್ಟ ತಪ್ಪು ಏನಾದರೂ ಉಂಟೇ?
ಇದ್ದರೆ ಅದಕ್ಕೆ ಈ ಪಾಲಿಸಿ ಅನ್ವಯಿಸದು.

ಜೂನ್ ತಿಂಗಳು. ಕಟ್ಟಡ ಕಂಪನಿಯ ಕರಪತ್ರ.
'ಮಧ್ಯಾಹ್ನ ನೆರಳಿನಲ್ಲಿ ವಿಶ್ರಾಂತಿ ಕೊಡತಕ್ಕದ್ದು.'
"ಸ್ವಲ್ಪ ಮೆತ್ತಗೆ ಮಾಡಿ," ಎಂದಿತು ಫೋನು.
'ಕೊಡಬಹುದು' ಮಾಡಿದೆ.
ವ್ಯಾಕರಣ ಸರಿಯಿತ್ತು. ಕಾಗುಣಿತವೂ.
ದುಡ್ಡು ಅದೇ ಸಂಜೆ ಬಂತು.

"ಮೇಡಂ?"
ಕಿಟಕಿಯಾಚೆ ಒಂದೂವರೆಯ ಬಿಸಿಲು.
ಎದುರಿನ ಸಾರವೆಯ ಐದನೇ ಅಂತಸ್ತಿನಲ್ಲಿ
ಹಳದಿ ಹೆಲ್ಮೆಟ್ಟೊಂದು ಇನ್ನೂ ಅಲ್ಲಾಡುತ್ತಿತ್ತು.
ಅವನು ಯಾವ ಕಂಪನಿಯವನೋ,
ಯಾವ ಭಾಷೆ ಓದುವವನೋ.

ಕಾಲಂ ಹಾಗೇ ಬಿಟ್ಟು ಕಾಗದ ಅತ್ತ ಸರಿಸಿದೆ.
"ಖಾಲಿ ಬಿಟ್ಟರೆ ಇಲ್ಲ ಅಂತಲೇ ಲೆಕ್ಕ,"
ಎಂದರು ಅವರು, ಸೀಲಿಗೆ ಶಾಯಿ ತಾಗಿಸುತ್ತ.

ಪೆನ್ನು ವಾಪಸು ಕೇಳಿದೆ.