ಕಿವಿಯ ಹತ್ತಿರ ಅಲುಗಿಸಿ

ಶಿಡ್ಲಘಟ್ಟದಲ್ಲಿ ಹದಿನಾರು ವರ್ಷದಿಂದ
ರೇಷ್ಮೆ ಗೂಡು ಆರಿಸುವವಳು ನಾನು.
ಹಿಡಿ ಎತ್ತಿ, ಬೆರಳಲ್ಲಿ ಒತ್ತಿ,
ಒಂದನ್ನು ಕಿವಿಯ ಹತ್ತಿರ ಅಲುಗಿಸಿದರೆ
ಒಳಗಿನ ಹುಳ ಲೊಟಕ್ ಅನ್ನುತ್ತೆ.
ಸದ್ದಿಲ್ಲದ್ದು ಪಕ್ಕದ ಬುಟ್ಟಿಗೆ.
ಕಲೆಯಾದದ್ದು, ತೆಳುವಾದದ್ದು ಪಕ್ಕದ ಬುಟ್ಟಿಗೆ.
ಎರಡು ಹುಳ ಸೇರಿ ಕಟ್ಟಿದ ಜೋಡಿಗೂಡು
ನೋಡಲು ದಪ್ಪ, ನೂಲೆಲ್ಲ ಸಿಕ್ಕು,
ಅದೂ ಅಲ್ಲಿಗೇ.

ತಮ್ಮನಿಗೆ ಹೆಣ್ಣು ಆರಿಸಿದೆ,
ನಾದಿನಿ ಮಗಳಿಗೆ ಓಲೆ,
ಗಂಡನ ಫೋಟೋಗೆ ಕಟ್ಟು.
ಗಂಡನನ್ನು ಮಾತ್ರ ಅಪ್ಪ ಆರಿಸಿದ್ದು.
ಕೆಟ್ಟವನಲ್ಲ.
ಅವನಿಗೆ ಆರಿಸಲು ಗೊತ್ತಿದ್ದದ್ದು
ದೀಪ ಒಂದೇ.
ಆಮೇಲೆ ಬೇಗ ಮುಗಿಸಿ ಗೋಡೆ ಕಡೆ ತಿರುಗುವನು.
ಹೋಗಿ ಏಳು ವರ್ಷ ಆಯಿತು.

ಅದಕ್ಕೂ ಮುಂಚೆ ಆರು ವರ್ಷ
ಕುದಿನೀರಲ್ಲಿ ನೂಲಿನ ಎಳೆ ಹುಡುಕಿದ ಬೆರಳು ಇವು,
ತುದಿ ಸತ್ತಿದೆ, ಸೂಜಿ ಚುಚ್ಚಿದರೂ ತಡವಾಗಿ ತಿಳಿಯುತ್ತೆ.
ಉಳಿದದ್ದೂ ಹಾಗೇ ಅಂದುಕೊಂಡಿದ್ದೆ.

ತಬಸ್ಸುಮ್ ಸಿಸ್ಟರ್ ನಕ್ಕಳು.
ತಾಲ್ಲೂಕು ಆಸ್ಪತ್ರೆ ಹಿಂದಿನ ಕ್ವಾರ್ಟರ್ಸು,
ಮಂಚದ ಮೇಲೆ ನಾವಿಬ್ಬರು, ನಡುವೆ ಅವಳ ಫೋನು.
ಗುಲಾಬಿ, ನೇರಳೆ, ಮೊಲದ ಕಿವಿ ಇದ್ದದ್ದು,
ಒಂದಕ್ಕಂತೂ ಮೈತುಂಬ ಉಬ್ಬಿದ ನರ,
ಥೇಟ್ ಕೂಲಿ ಜಾಸ್ತಿ ಕೇಳಿದಾಗ ನಮ್ಮ ಮೇಸ್ತ್ರಿ ಕತ್ತು.
"ಅಷ್ಟು ದೊಡ್ಡದು ಬೇಡಕ್ಕ, ಮೊದಲ ಸಲಕ್ಕೆ.
ನಿಮಗೆ ಬೇಕಾದ್ದು ಹೊರಗೇ ಇದೆ, ಒಳಗೆ ಹುಡುಕಬೇಡಿ.
ಸಿಲಿಕೋನ್ ಆಗಿರಲಿ. ವಾಸನೆ ಹೊಡೆಯೋ ಪ್ಲಾಸ್ಟಿಕ್ ಬೇಡವೇ ಬೇಡ.
ಸ್ಪೀಡು ಒಂದರಲ್ಲಿ ಶುರು ಮಾಡಿ.
ನೀರಿನ ಜೆಲ್ಲು ಒಂದು ಟ್ಯೂಬು.
ಸೋಪು ಹಾಕಿ ತೊಳೆದು ಒಣಗಿಸಿ."
ಡ್ರಿಪ್ಪು ಹಾಕುವಾಗಿನ ದನಿಯಲ್ಲೇ ಹೇಳಿದಳು.

"ಸದ್ದು?" ಅಂದೆ.
ಗೋಡೆ ಆಚೆ ನಾದಿನಿ ಮಗ್ಗುಲು ಬದಲಿಸಿದರೂ
ಈಚೆ ನನಗೆ ಎಚ್ಚರ.
"ನಲವತ್ತು ಡೆಸಿಬಲ್ ಅಂತ ಬರೆದಿದ್ದಾರೆ."
ಅಂದರೆ ಹುಳ ಸೊಪ್ಪು ತಿನ್ನುವಷ್ಟಾ?
ಅವಳಿಗೆ ಗೊತ್ತಿಲ್ಲ. ಕೋಲಾರ ಟೌನಿನವಳು.

ಕೊನೆಗೆ ಒಂದು ಬಂತು.
ಬಿಳಿ. ಬೆರಳಿನ ಎರಡು ಗೆಣ್ಣಿನಷ್ಟು.
ನಡು ಚೂರು ಸಣ್ಣ, ಥೇಟ್ ದ್ವಿತಳಿ ಗೂಡು.
ಕೈ ತಾನಾಗಿ ಮುಂದೆ ಹೋಯಿತು,
ಬಿಗಿ ಇದೆಯಾ ಅಂತ ಗಾಜಿನ ಮೇಲೇ ಒತ್ತಿದೆ.
"ಅಯ್ಯೋ ಅಕ್ಕ, ಕೊಂಡೇಬಿಟ್ರಲ್ಲ!"
ಸಾವಿರದ ನಾನೂರು. ನಾಲ್ಕು ದಿನದ ಕೂಲಿ.
ಸದ್ಯ, ಬಂದ ಮೇಲೆ ದುಡ್ಡು.

ಕೊರಿಯರ್ ಹುಡುಗ ಓಣಿಯ ತುದಿಯಿಂದಲೇ ಕೂಗಿದ,
"ರತ್ನಾವತಿ ಅಂದ್ರೆ ಯಾರೂ?"
ಇಡೀ ಓಣಿ ನನ್ನ ಮನೆ ತೋರಿಸಿತು.
ಡಬ್ಬದ ಮೇಲೆ ಏನೂ ಬರೆದಿರಲಿಲ್ಲ.
"ಮಿಕ್ಸಿ ಬ್ಲೇಡು" ಅಂದೆ,
ಕೇಳದವರಿಗೂ ಹೇಳಿದೆ.

ರಾಗಿಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟು
ಮೂರು ದಿನ ಮುದ್ದೆ ಮಾಡಲಿಲ್ಲ.
ನಾಲ್ಕನೆಯ ಸಂಜೆ ನಾದಿನಿ ಬಂದಳು,
ಒಂದು ಸೇರು ಹಿಟ್ಟು ಕೊಡತ್ತಿಗೆ ಅಂತ.
ಅವಳೇ ಡಬ್ಬಿ ಎಳೆದದ್ದು.
ಒಳಗಿಂದ ಗುಂಯ್ ಅಂತ ಶುರುವಾಯಿತು,
ಸ್ಟೀಲೆಲ್ಲ ನಡುಗಿತು, ಮುಚ್ಚಳ ಕಟಕಟ.
ಲಾಕು ಹಾಕಿಡಿ ಅಂದಿದ್ದಳು ಸಿಸ್ಟರ್. ಮರೆತಿದ್ದೆ.

"ಫೋನ್ ಬಂತು ನೋಡು," ಅಂದಳು ಮುನಿಲಕ್ಷ್ಮಿ.
ಫೋನು ನನ್ನ ಕೈಯಲ್ಲೇ ಇತ್ತು.
ಅವಳು ನನ್ನ ಕೈ ನೋಡಿದಳು, ಡಬ್ಬಿ ನೋಡಿದಳು,
ನನ್ನ ಮುಖ ನೋಡಿದಳು, ತುಂಬ ಹೊತ್ತು.
"ಎತ್ತಲ್ವಾ?"
"ನನಗೇ ಬಂದಿರೋದು. ಆಮೇಲೆ ಎತ್ತುತ್ತೀನಿ."

ಹಿಟ್ಟು ಇಲ್ಲದೆಯೇ ಹೊರಟಳು.
ಹೊಸಿಲಲ್ಲಿ ನಿಂತು, ತಿರುಗದೆ,
"ಮಿಕ್ಸಿ ಬ್ಲೇಡು ಎಷ್ಟು ಬಿತ್ತು?" ಅಂದಳು.

ಚಿಲಕ ಹಾಕಿದೆ.
ಸೋಪು ಹಾಕಿ ತೊಳೆದು, ಒರೆಸಿ,
ಹಳೇ ಅಭ್ಯಾಸ, ಮೊದಲು ಕಿವಿಯ ಹತ್ತಿರ ಹಿಡಿದೆ.
ಸ್ಪೀಡು ಒಂದು.
ದೀಪ ಆರಿಸಲಿಲ್ಲ.